ಹಾಲ್ ಬಾಡಿಗೆ ಆಮೇಲೆ, ಮೊದಲು ಎಲೆಗೆ ಎಷ್ಟು ಬೀಳುತ್ತದೆ ನೋಡಿ

ತಮ್ಮನ ಮದುವೆ ಶಿರಸಿಯಲ್ಲಿ, ಹೆಣ್ಣಿನ ಕಡೆಯವರ ಊರಿನಲ್ಲಿ ಅಂತ ನಿಶ್ಚಯವಾಯಿತು. ಆರತಕ್ಷತೆ ನಮ್ಮ ಜವಾಬ್ದಾರಿ, ಇಲ್ಲಿ ಕುಮಟಾದಲ್ಲಿ. ಎರಡು ಲಕ್ಷದೊಳಗೆ ಮುಗಿಯಬೇಕು, ಸಾಲ ಮಾಡುವುದು ಬೇಡ ಅಂತ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು, ಹಾಗಾಗಿ ಜಾಗ ನೋಡುವ ಕೆಲಸ ನನಗೇ ಬಂತು. ಈ ಕೆಲಸಕ್ಕೆ ಹೊರಡುವ ಬೇರೆಯವರಿಗೂ ಅನುಕೂಲ ಆಗಲಿ ಅಂತ ನಾನು ಹಾಕಿದ ಲೆಕ್ಕವನ್ನು ಹಾಗೆಯೇ ಬರೆಯುತ್ತಿದ್ದೇನೆ. ಇಲ್ಲಿರುವ ದರಗಳು ನಮಗೆ ಹೇಳಿದ ದರಗಳು. ನಿಮ್ಮ ಊರಲ್ಲಿ, ನಿಮ್ಮ ತಾರೀಖಿಗೆ ಬೇರೆ ಇರುತ್ತವೆ. ಲೆಕ್ಕ ಹಾಕುವ ರೀತಿ ಮಾತ್ರ ಎಲ್ಲಿಗೂ ಹೊಂದುತ್ತದೆ.

ಎಲ್ಲರೂ ಮೊದಲು ಕೇಳುವುದು "ಹಾಲ್ ಬಾಡಿಗೆ ಎಷ್ಟು?" ಅಂತ. ಅದೊಂದನ್ನೇ ಹಿಡಿದು ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಒಬ್ಬರು ಬಾಡಿಗೆ ಕಡಿಮೆ ಹೇಳಿ ಪಾತ್ರೆ, ಕುರ್ಚಿ, ಕರೆಂಟು, ಸ್ವಚ್ಛತೆ ಎಲ್ಲಕ್ಕೂ ಬೇರೆ ಬೇರೆ ಹಾಕುತ್ತಾರೆ. ಇನ್ನೊಬ್ಬರು ಹಾಲ್ ಪುಕ್ಕಟೆ ಅನ್ನುತ್ತಾರೆ, ಆದರೆ ಊಟ ಅವರ ಹತ್ತಿರವೇ ತೆಗೆದುಕೊಳ್ಳಬೇಕು. ಹಾಗಾಗಿ ನಾನು ಪ್ರತಿ ಜಾಗಕ್ಕೂ ಒಂದೊಂದು ಹಾಳೆ ಮಾಡಿದೆ. ಜನ ಕಡಿಮೆಯಾದರೂ ಜಾಸ್ತಿಯಾದರೂ ಬದಲಾಗದ ಖರ್ಚು ಒಂದು ಕಡೆ, ಜನ ಬಂದ ಹಾಗೆ ಏರುವ ಖರ್ಚು ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ಜನರ ಸಂಖ್ಯೆಯಿಂದ ಭಾಗಿಸಿದರೆ ಎಲೆಗೆ ಎಷ್ಟು ಬಿತ್ತು ಅಂತ ಗೊತ್ತಾಗುತ್ತದೆ. ನಮ್ಮ ಅಂದಾಜು 400 ಜನ.

ಮೊದಲು ಹೋಟೆಲ್. ಹೆದ್ದಾರಿ ಪಕ್ಕದ ಒಂದು ಹೋಟೆಲ್‌ನವರು ಪ್ಲೇಟಿಗೆ 420 ರೂಪಾಯಿ ಹೇಳಿದರು, ಹಾಲ್ ಅದರಲ್ಲೇ ಬಂತು. ಅದರ ಮೇಲೆ 5% ಜಿಎಸ್‌ಟಿ, ಅಂದರೆ 441. ಸ್ಟೇಜ್ ಅಲಂಕಾರ ಅವರು ಹೇಳಿದವರೇ ಮಾಡಬೇಕು, ಅದಕ್ಕೆ 35,000. ಒಟ್ಟು 2,11,400, ಎಲೆಗೆ 528 ದಾಟಿತು. ಇಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯ ಕನಿಷ್ಠ ಪ್ಲೇಟಿನ ಷರತ್ತು. 350 ಪ್ಲೇಟಿನ ದುಡ್ಡು ಕೊಡಲೇಬೇಕು, ಬಂದವರು 300 ಜನ ಆದರೂ. ಹಾಗೆ ಆದರೆ ಒಬ್ಬರಿಗೆ 631 ರೂಪಾಯಿ ಬೀಳುತ್ತದೆ. ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ರೂಮ್ ಬಾಡಿಗೆ ಇರುವ ದೊಡ್ಡ ರೆಸಾರ್ಟ್‌ಗಳಲ್ಲಾದರೆ ಜಿಎಸ್‌ಟಿ 18%. ಆ ಕಡೆ ನಾವು ಹೋಗಲೇ ಇಲ್ಲ.

ಆಮೇಲೆ ಪೇಟೆಯ ಕಲ್ಯಾಣ ಮಂಟಪ. ಬಾಡಿಗೆ 45,000 ಅಂದರು. ಬರೀ ಹಾಲ್ ಬಾಡಿಗೆಗೆ ತೆರಿಗೆ 18%, ಅದಕ್ಕೆ 8,100 ಸೇರಿ 53,100 ಆಯಿತು. ಕರೆಂಟು ಮೀಟರ್ ಓದಿ ತೆಗೆದುಕೊಳ್ಳುತ್ತಾರೆ, ಜನರೇಟರ್‌ಗೆ ಗಂಟೆ ಲೆಕ್ಕ, ಸ್ವಚ್ಛತೆಗೆ ಬೇರೆ. ಇವು ಮೂರಕ್ಕೂ ತಲಾ ನಾಲ್ಕು ಸಾವಿರ ಹಿಡಿದೆ. ಅಲಂಕಾರಕ್ಕೆ 20,000. ಪಾತ್ರೆ, ಕುರ್ಚಿ ಬಾಡಿಗೆಯಲ್ಲೇ ಸೇರಿತ್ತು, ಅದು ಒಳ್ಳೆಯದು. ಅಡುಗೆ ಭಟ್ಟರು ಸಾಮಾನು ಸಮೇತ ಎಲೆಗೆ 230ರಂತೆ ಗುತ್ತಿಗೆ ಒಪ್ಪಿದ್ದರು, 400 ಎಲೆಗೆ 92,000. ಒಟ್ಟು 1,77,100, ಎಲೆಗೆ ಸುಮಾರು 443.

ಮನೆ ಅಂಗಳದಲ್ಲೇ ಚಪ್ಪರ ಹಾಕಿದರೆ ಎಲ್ಲಕ್ಕಿಂತ ಅಗ್ಗ ಅಂತ ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಅಮ್ಮನಿಗಂತೂ ಅದೇ ಆಸೆ. ಹಿಂದೆ ಹಾಗೇ ಆಗುತ್ತಿತ್ತು, ಅಡಿಕೆ ಮರ, ಸೋಗೆ, ಕೆಲಸಕ್ಕೆ ಓಣಿಯ ಜನ ಎಲ್ಲ ಇದ್ದರು. ಈಗ ಅವೆಲ್ಲಕ್ಕೂ ದುಡ್ಡು ಕೊಡಬೇಕು. ಏಪ್ರಿಲ್ ಮೇ ಅಂದರೆ ಮಧ್ಯಾಹ್ನದ ಮೇಲೆ ಗುಡುಗಿ ಮಳೆ ಬರುವ ಕಾಲ, ಬಟ್ಟೆಯ ಶಾಮಿಯಾನ ನಂಬಲು ಆಗುವುದಿಲ್ಲ, ತಗಡಿನ ಚಪ್ಪರವೇ ಬೇಕು. ಕುರ್ಚಿ, ಟೇಬಲ್ ಸೇರಿ 60,000 ಹೇಳಿದರು. ಜನರೇಟರ್ 7,000, ಪಾತ್ರೆ 8,000, ನೀರಿನ ಟ್ಯಾಂಕರ್ ಮತ್ತು ತಾತ್ಕಾಲಿಕ ಶೌಚಾಲಯಕ್ಕೆ 10,000, ಅಲಂಕಾರ 12,000. ಊಟ ಸೇರಿ 1,89,000. ಎಲೆಗೆ 472 ದಾಟಿತು, ಪೇಟೆಯ ಮಂಟಪಕ್ಕಿಂತ ಜಾಸ್ತಿ! ಮೇಲಿಂದ ನಮ್ಮ ಓಣಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಇಲ್ಲ. ಲೆಕ್ಕದ ಹಾಳೆ ನೋಡಿದ ಮೇಲೆ ಅಮ್ಮ ಒಪ್ಪಿದರು. ಅಂಗಳದಲ್ಲಿ ಸಣ್ಣ ಚಪ್ಪರ ಹಾಕಿ ದೇವರ ಕಾರ್ಯ ಮತ್ತು ಮನೆಯವರ ಊಟ ಮಾಡಿದೆವು, ಅವರ ಆಸೆಯೂ ನಡೆಯಿತು.

ಕೊನೆಗೆ ನಮಗೆ ಹೊಂದಿದ್ದು ದೇವಸ್ಥಾನದ ಕಲ್ಯಾಣ ಮಂಟಪ. ದಿನದ ಬಾಡಿಗೆ 9,000. ಧಾರ್ಮಿಕ ಟ್ರಸ್ಟ್ ಅಂತ ಆದಾಯ ತೆರಿಗೆ ಕಾಯ್ದೆಯಡಿ ನೋಂದಣಿ ಆಗಿರುವ ದೇವಸ್ಥಾನಗಳ ಮಂಟಪಕ್ಕೆ ದಿನದ ಬಾಡಿಗೆ 10,000 ರೂಪಾಯಿಗಿಂತ ಕಡಿಮೆ ಇದ್ದರೆ ಜಿಎಸ್‌ಟಿ ಇಲ್ಲ. ಇದು ತುಂಬಾ ಜನರಿಗೆ ಗೊತ್ತಿಲ್ಲ, ಕೇಳಿ ತಿಳಿದುಕೊಳ್ಳಿ. ಪಾತ್ರೆ, ಕುರ್ಚಿ ಹೊರಗಿನಿಂದ ತರಬೇಕು, 8,000. ಜನರೇಟರ್ 7,000, ಸ್ವಚ್ಛತೆ 3,000, ಅಲಂಕಾರ 15,000. ಊಟ ಸೇರಿ 1,34,000, ಎಲೆಗೆ 335. ಜನ 300ಕ್ಕೆ ಇಳಿದರೂ 370ರಲ್ಲಿ ನಿಲ್ಲುತ್ತದೆ. ಬದಲಾಗದ ಖರ್ಚು ಬರೀ 42,000 ಇರುವುದರಿಂದ ಹೀಗೆ. ಜನ ಎಷ್ಟು ಬರುತ್ತಾರೆ ಅಂತ ಖಾತ್ರಿ ಇಲ್ಲದವರು ಈ ಒಂದು ಸಂಖ್ಯೆಯನ್ನು ಮೊದಲು ನೋಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಷರತ್ತುಗಳೂ ಇದ್ದವು. ಸಸ್ಯಾಹಾರ ಮಾತ್ರ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಕರಾವಳಿಯಲ್ಲಿ ಮೀನಿಲ್ಲದ ಊಟ ಅಂತ ಕೆಲವು ನೆಂಟರಿಗೆ ಬೇಸರ, ಅವರಿಗೆ ಮರುದಿನ ಮನೆಯಲ್ಲಿ ಮಾಡಿದೆವು. ಊಟದ ಹಾಲ್‌ನಲ್ಲಿ ಒಂದು ಪಂಕ್ತಿಗೆ 120 ಜನ. 400 ಜನಕ್ಕೆ ನಾಲ್ಕು ಪಂಕ್ತಿ ಬೇಕು, ಒಂದಕ್ಕೆ ಮುಕ್ಕಾಲು ಗಂಟೆ ಹಿಡಿದರೆ ಮೂರು ಗಂಟೆ. ಹಾಗಾಗಿ 12 ಗಂಟೆಗೇ ಮೊದಲ ಪಂಕ್ತಿ ಹಾಕುವುದು ಅಂತ ಭಟ್ಟರ ಹತ್ತಿರ ಮಾತಾಡಿಕೊಂಡೆವು. ಜಾಗ ನೋಡಲು ಹೋದಾಗ ಸ್ಟೇಜ್ ಎದುರಿನ ಕುರ್ಚಿ ಎಷ್ಟು ಅಂತ ಕೇಳುವ ಬದಲು ಪಂಕ್ತಿಗೆ ಎಷ್ಟು ಜನ ಅಂತ ಕೇಳಿ.

ಸಂಜೆ ಬೇಡ, ಮಧ್ಯಾಹ್ನವೇ ಇರಲಿ ಅಂತ ನಾನು ಹಟ ಹಿಡಿದೆ. ಸಂಜೆ ಅಂದರೆ ಲೈಟಿಂಗ್ ಬೇಕು, ಅಲಂಕಾರ ಜಾಸ್ತಿ ಬೇಕು, ಜನರೇಟರ್ ಪೂರ್ತಿ ಹೊತ್ತು ಓಡಬೇಕು, ಬಫೆ ಇರಲಿ ಅನ್ನುವ ಒತ್ತಾಯವೂ ಶುರುವಾಗುತ್ತದೆ. ಘಟ್ಟದ ಮೇಲಿನ ಬೀಗರು ಊಟ ಮುಗಿಸಿ ದೇವಿಮನೆ ಘಟ್ಟ ಹತ್ತಿ ಕತ್ತಲಾಗುವ ಮೊದಲು ಶಿರಸಿ ಮುಟ್ಟಬೇಕಲ್ವಾ? ರಾತ್ರಿಯಾದರೆ ಅವರಿಗೆಲ್ಲ ರೂಮ್ ಮಾಡಬೇಕು. ಕಾರವಾರದ ಬೀಚ್‌ನಲ್ಲಿ ಸಂಜೆ ಮಾಡೋಣ ಅಂತ ಚಿಕ್ಕಪ್ಪನ ಮಗ ಬಹಳ ಹೇಳಿದ. ಚಂದ ಇರುತ್ತದೆ, ಒಪ್ಪುತ್ತೇನೆ. ಆದರೆ ಪರವಾನಗಿ, ಗಾಳಿ ತಡೆಯುವ ವ್ಯವಸ್ಥೆ, ಕುಮಟಾದಿಂದ ಜನರನ್ನು ಕರೆದೊಯ್ಯುವ ಬಸ್ಸು, ಇಷ್ಟನ್ನು ಹಾಳೆಯಲ್ಲಿ ಬರೆದಾಗ ಅವನೇ ಬೇಡ ಅಂದ.

ಮದುವೆ ದಿನವೇ ಶಿರಸಿಯ ಹಾಲ್‌ನಲ್ಲಿ ಆರತಕ್ಷತೆಯನ್ನೂ ಸೇರಿಸಿ ಖರ್ಚು ಹಂಚಿಕೊಳ್ಳೋಣ ಅಂತ ಬೀಗರು ಪ್ರೀತಿಯಿಂದ ಹೇಳಿದ್ದರು. ಕಾಗದದ ಮೇಲೆ ಅದು ಅಗ್ಗ. ಆದರೆ ನಮ್ಮ ಕಡೆಯ 400 ಜನರನ್ನು ಘಟ್ಟ ಹತ್ತಿಸಲು 50 ಸೀಟಿನ ಎಂಟು ಬಸ್ಸು ಬೇಕು. ಅದಕ್ಕಿಂತ ಮುಖ್ಯ, ಓಣಿಯ ವಯಸ್ಸಾದವರು, ಅಪ್ಪನ ಜೊತೆ ಕೆಲಸ ಮಾಡಿದವರು ಬರಲು ಆಗುತ್ತಿರಲಿಲ್ಲ. ಅವರಿಗೆ ಊಟ ಹಾಕಲಿಕ್ಕೇ ಅಲ್ವಾ ಆರತಕ್ಷತೆ?

ತಾರೀಖಿನ ವಿಷಯ. ಮದುವೆಗೆ ಮುಹೂರ್ತ ಬೇಕು, ಆರತಕ್ಷತೆಗೆ ಬೇಡ. ಮುಹೂರ್ತ ಇರುವ ದಿನ, ಭಾನುವಾರ ಎಲ್ಲ ಕಡೆ ಹಾಲ್ ತುಂಬಿರುತ್ತದೆ, ಭಟ್ಟರೂ ಸಿಗುವುದಿಲ್ಲ, ಹೂವಿನ ದರವೂ ಏರಿರುತ್ತದೆ. ನಾವು ಬುಧವಾರ ಇಟ್ಟುಕೊಂಡೆವು. ಬೇಸಿಗೆ ರಜೆ, ಮುಂಬೈಯಿಂದ ಕೊಂಕಣ ರೈಲಿನಲ್ಲಿ ಬಂದ ನೆಂಟರು ಹೇಗೂ ವಾರ ಇರುವವರು. ಹಾಗಾಗಿ ಯಾರಿಗೂ ತೊಂದರೆ ಆಗಲಿಲ್ಲ.

ಹಾಲ್ ಎಷ್ಟು ಹೊತ್ತಿಗೆ ಕೈಗೆ ಸಿಗುತ್ತದೆ ಅನ್ನುವುದನ್ನೂ ಕೇಳಿಕೊಳ್ಳಿ. ಭಟ್ಟರ ಕಡೆಯವರು ಹಿಂದಿನ ಸಂಜೆಯೇ ಬಂದು ತರಕಾರಿ ಹೆಚ್ಚಬೇಕು, ಹೋಳಿಗೆ ಹೂರಣ ಮಾಡಬೇಕು. ಒಂದು ಕಡೆ ಫೋನಿನಲ್ಲಿ ಒಂದು ದರ ಹೇಳಿ, ಹೋಗಿ ಕೂತ ಮೇಲೆ ಹಿಂದಿನ ಸಂಜೆಗೆ ಅರ್ಧ ದಿನದ ಬಾಡಿಗೆ ಬೇರೆ ಅಂದರು. ನಮ್ಮ ಮಂಟಪದವರು ಅಡುಗೆಮನೆಯನ್ನು ಹಿಂದಿನ ಸಂಜೆ 4ಕ್ಕೇ ಬಿಟ್ಟುಕೊಟ್ಟರು, ಅದನ್ನು ಮುಂಗಡದ ರಶೀದಿಯ ಹಿಂದೆಯೇ ಬರೆಸಿಕೊಂಡೆ. ತಾರೀಖು ಬದಲಾದರೆ ಮುಂಗಡ ಏನಾಗುತ್ತದೆ ಅನ್ನುವುದನ್ನೂ ಬರೆಸಿ. ತೆರಿಗೆ ಹಾಕುವವರ ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರಬೇಕು. ಅದಿಲ್ಲದೆ ತೆರಿಗೆ ಕೇಳಿದರೆ ಕೊಡಬೇಡಿ.

ಗ್ಯಾಸ್ ಯಾರದು ಅನ್ನುವುದು ಸಣ್ಣ ವಿಷಯ ಅಂತ ಬಿಡಬೇಡಿ. ಮನೆಯ 14.2 ಕೆಜಿ ಸಿಲಿಂಡರ್ ಇದಕ್ಕೆಲ್ಲ ಬಳಸುವಂತಿಲ್ಲ, 19 ಕೆಜಿಯ ವಾಣಿಜ್ಯ ಸಿಲಿಂಡರ್ ಬೇಕು, ಅದರ ದರ ಜಾಸ್ತಿ. ನಮ್ಮ 230ರ ಗುತ್ತಿಗೆಯಲ್ಲಿ ಗ್ಯಾಸ್, ಬಾಳೆಎಲೆ, ಬಡಿಸುವವರು ಎಲ್ಲ ಸೇರಿತ್ತು. ಬೇರೊಬ್ಬರು 200 ಹೇಳಿದ್ದರು, ಆದರೆ ಈ ಮೂರೂ ನಮ್ಮದೇ. ಪ್ಲಾಸ್ಟಿಕ್ ಲೋಟ, ತಟ್ಟೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ, ಅಲಂಕಾರದ ಥರ್ಮಕೋಲ್ ಕೂಡ. ಹಾಗಾಗಿ ಸ್ಟೀಲ್ ಲೋಟ ಬಾಡಿಗೆಗೆ ತಂದೆವು. ಬಂದವರಿಗೆ ಕೊಡಲು ಬಾಟಲಿ ಜ್ಯೂಸ್ ಬದಲು ಮುರುಗಲು ಹಣ್ಣಿನ ಪಾನಕ. ಅಪ್ಪೆಹುಳಿ, ಕೋಸಂಬರಿ, ಕಾಯಿಸಾಸಿವೆ, ಹೋಳಿಗೆ, ಪಾಯಸ ಇಟ್ಟು ಮೂರನೇ ಸಿಹಿ ತೆಗೆದೆವು. ಊಟ ಕಡಿಮೆ ಆಯಿತು ಅಂತ ಯಾರೂ ಹೇಳಲಿಲ್ಲ. ಅಪ್ಪೆಹುಳಿಯನ್ನು ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡರು.

ಆ ದಿನ ಬೆಳಿಗ್ಗೆಯೇ ಕರೆಂಟು ಹೋಯಿತು. ಹಗಲಲ್ಲಿ ಜನರೇಟರ್ ಯಾಕೆ ಅಂತ ಕೇಳಿದವರಿದ್ದರು. ಕೈ ತೊಳೆಯುವ ನೀರಿಗೆ ಪಂಪ್ ಓಡಬೇಕು, ಫ್ಯಾನ್ ತಿರುಗಬೇಕು, ಕರಾವಳಿಯ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಮದುಮಕ್ಕಳು ನಿಲ್ಲುವುದು ಹೇಗೆ? ಎಲ್ಲೆಲ್ಲೋ ಉಳಿಸಿ, ಜನರೇಟರ್ ಮಾತ್ರ ಬಿಡಬೇಡಿ.

ಗುತ್ತಿಗೆ ಎಲೆ ಲೆಕ್ಕದಲ್ಲಿ ಇದ್ದರೆ ಎಣಿಸುವವರು ಯಾರು ಅಂತ ಮೊದಲೇ ಠರಾಯಿಸಿ. ನಾವು ಅತ್ತೆಯ ಮಗನನ್ನು, ಭಟ್ಟರು ಅವರ ಹುಡುಗನನ್ನು ನಿಲ್ಲಿಸಿದರು. ಪ್ರತಿ ಪಂಕ್ತಿ ಎದ್ದ ಕೂಡಲೇ ಇಬ್ಬರೂ ಸೇರಿ ಬರೆದರು, ಕೊನೆಗೆ ವಾದವೇ ಬರಲಿಲ್ಲ. ಅಂದಾಜಿಗಿಂತ ಸ್ವಲ್ಪ ಜಾಸ್ತಿ ಜನ ಬಂದಿದ್ದರು. 30 ಎಲೆಯವರೆಗೆ ಅದೇ ದರಕ್ಕೆ ಕೊಡುತ್ತೇನೆ ಅಂತ ಭಟ್ಟರು ಮುಂಚೆಯೇ ಒಪ್ಪಿದ್ದರಿಂದ ಅದೂ ಸಲೀಸಾಗಿ ಮುಗಿಯಿತು. ಬಾಡಿಗೆ ಪಾತ್ರೆ, ಲೋಟ ತರುವಾಗ ಎಣಿಸಿದ ಹಾಗೆ ವಾಪಸ್ ಕೊಡುವಾಗಲೂ ಎಣಿಸಿ ಸಹಿ ಹಾಕಿಸಿಕೊಂಡೆ, ಯಾಕಂದರೆ ಕಡಿಮೆ ಬಿದ್ದ ಪ್ರತಿ ಲೋಟಕ್ಕೂ ಹೊಸದರ ಬೆಲೆ ಹಿಡಿಯುತ್ತಾರೆ.