ಕುಣಿಯುವವರ 45: ಅಪರೂಪದ ಸೋಲ್ ರೆಕಾರ್ಡನ್ನು ಮರುಬಿಡುಗಡೆಗೆ ಸಿದ್ಧಪಡಿಸುವ ಬಗೆ

ನಾರ್ದರ್ನ್ ಸೋಲ್‌ಗೆ (ಉತ್ತರ ಇಂಗ್ಲೆಂಡಿನ ಕುಣಿತದ ಹಾಲ್‌ಗಳು ಮೆಚ್ಚಿದ ಅಮೆರಿಕದ ಚುರುಕು ಸೋಲ್ ಸಂಗೀತ) ಕುಣಿಯುವವರ ಪಾಲಿಗೆ ಮೂಲ ಅಂದರೆ ಸ್ಟುಡಿಯೋ ಟೇಪ್ ಅಲ್ಲ, 7 ಇಂಚಿನ 45 (ನಿಮಿಷಕ್ಕೆ 45 ಸುತ್ತಿನ) ರೆಕಾರ್ಡ್. 1973ರಿಂದ 1981ರವರೆಗೆ ಇಂಗ್ಲೆಂಡಿನ ವಿಗನ್ ಕ್ಯಾಸಿನೊ ಎಂಬ ಕುಣಿತದ ಹಾಲ್‌ನಲ್ಲಿ ರಾತ್ರಿಯಿಡೀ ಮೊಳಗಿದ್ದು ಅದೇ: ಮೋನೊ (ಒಂದೇ ಚಾನೆಲ್‌ನ ಧ್ವನಿ), ಎರಡೂವರೆ ನಿಮಿಷ, ಜೋರು. ಟೇಪ್ ಸಿಕ್ಕರೂ ನಾನು ಮೊದಲು ಅದನ್ನು 45ರ ಪಕ್ಕ ಇಟ್ಟು ಕೇಳುತ್ತೇನೆ. ಟೇಪಿನ ಸ್ಟೀರಿಯೊ ಮಿಕ್ಸ್‌ನಲ್ಲಿ ಗಾಯನ ಬೇರೆ ಟೇಕ್ ಆಗಿರಬಹುದು, ಕೊನೆಯ ಫೇಡ್ ಉದ್ದವಿರಬಹುದು. ರೇಡಿಯೊದಲ್ಲಿ ಚುರುಕಾಗಿ ಕೇಳಲೆಂದು ಡಿಸ್ಕ್‌ಗೆ ಇಳಿಸುವಾಗ ವೇಗ ಹೆಚ್ಚಿಸಿದ ಹಾಡುಗಳೂ ಉಂಟು. ಅಂಥವುಗಳ ಟೇಪನ್ನು ಇದ್ದ ಹಾಗೇ ಹಾಕಿದರೆ ಕುಣಿಯುವವರ ಹೆಜ್ಜೆ ಹಿಂದೆ ಬೀಳುತ್ತದೆ. ವೇಗವನ್ನು 45ರಲ್ಲಿ ಕೇಳುವ ಹಾಡಿನ ವೇಗಕ್ಕೇ ಹೊಂದಿಸಬೇಕು.

ಪರವಾನಗಿ ಎರಡು ಬೇಕು: ಧ್ವನಿಮುದ್ರಣದ ಒಡೆಯರದ್ದೊಂದು, ಹಾಡಿನ ಪ್ರಕಾಶಕರದ್ದೊಂದು. ಬ್ರಿಟನ್‌ನಲ್ಲಿ ಎರಡನೆಯದು ಎಂಸಿಪಿಎಸ್ (ಹಾಡಿನ ನಕಲು ಹಕ್ಕಿನ ಪರವಾನಗಿ ಕೊಡುವ ಸಂಸ್ಥೆ) ಮೂಲಕ ಆಗುತ್ತದೆ.

ಟೇಪೇ ಉಳಿದಿಲ್ಲದಿದ್ದರೆ ಒಳ್ಳೆಯ ಪ್ರತಿಯಿಂದಲೇ ಧ್ವನಿ ತೆಗೆಯಬೇಕು. ಮೊದಲು ಅದು ವಿನೈಲೋ ಸ್ಟೈರೀನೋ (ಎರಡೂ ರೆಕಾರ್ಡ್ ಮಾಡುವ ಪ್ಲಾಸ್ಟಿಕ್‌ಗಳು) ನೋಡಿ. ಸ್ಟೈರೀನ್ ಹಗುರ, ಬಾಗುವುದಿಲ್ಲ, ಉಗುರಿನಿಂದ ತಟ್ಟಿದರೆ ಚುರುಕಾದ ಸದ್ದು ಬರುತ್ತದೆ. ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯ ಪ್ರತಿಗಳಾದರೆ ಲೇಬಲ್ ಸುತ್ತಲಿನ ಖಾಲಿ ಜಾಗದಲ್ಲಿ ಪುಟ್ಟ ತ್ರಿಕೋನ, ಅದರ ಜೊತೆಗೆ ಒಂದು ಸಂಖ್ಯೆ ಇರುತ್ತದೆ. ಸ್ಟೈರೀನ್ ಬೇಗ ಸವೆಯುತ್ತದೆ. ಸವೆದ ಮೇಲೆ ಬರುವ ಸುಯ್ ಸದ್ದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲಾರದು. ಆದ್ದರಿಂದ ಸೂಜಿಯನ್ನು ಹಿಂದೆ ಮುಂದೆ ಉಜ್ಜಿ ಹಾಡಿನ ಆರಂಭ ಹುಡುಕಲೇಬೇಡಿ. ತೊಳೆಯುವಾಗ, ಲೇಬಲ್ ಅಂಟಿಸಿದ್ದಾಗಿರುವುದರಿಂದ ನೀರು ಅಲ್ಲಿಗೆ ಹೋಗಬಾರದು. ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಸೌಮ್ಯ ಮಾರ್ಜಕ ಸಾಕು, ಆಲ್ಕೋಹಾಲ್ ಬೇಡ.

ಸ್ಟೈರೀನ್‌ಗೆ ನಾನು ಬಳಸುವುದು ಶಂಕುವಿನಾಕಾರದ ಸೂಜಿ. 0.7 ಮಿಲ್ ಮತ್ತು 1 ಮಿಲ್ ಎರಡನ್ನೂ ಹಾಕಿ ನೋಡುತ್ತೇನೆ (ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ). ಹಳೆಯ ಸೂಜಿಗಳು ಗ್ರೂವ್‌ನ (ಸೂಜಿ ಓಡುವ ಗೀರುಗಾಲುವೆಯ) ಒಂದು ಮಟ್ಟವನ್ನು ತಿಂದಿರುತ್ತವೆ. ಬೇರೆ ಅಳತೆಯ ಸೂಜಿ ಅದಕ್ಕಿಂತ ಮೇಲೋ ಕೆಳಗೋ ಕೂತು ಸವೆಯದ ಗೋಡೆಯನ್ನು ಓದುತ್ತದೆ. ಕಾರ್ಟ್ರಿಜ್‌ಗೆ (ಸೂಜಿಯನ್ನು ಹಿಡಿದಿರುವ ಭಾಗಕ್ಕೆ) ಹೇಳಿದ ತೂಕದ ಮೇಲ್ಮಿತಿಯ ಹತ್ತಿರವೇ ಇಡಿ: ತೂಕ ಕಡಿಮೆಯಾದರೆ ಸೂಜಿ ಹಾರಿ ಹಾರಿ ಬಡಿದು ಹೆಚ್ಚು ಹಾನಿ ಮಾಡುತ್ತದೆ. ಮೋನೊ ರೆಕಾರ್ಡಾದರೂ ಎರಡೂ ಚಾನೆಲ್‌ಗಳನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಹಿಡಿಯುತ್ತೇನೆ. ಗ್ರೂವ್‌ನ ಎರಡು ಗೋಡೆಗಳು ಒಂದೇ ರೀತಿ ಸವೆಯುವುದು ಅಪರೂಪ. ಎರಡನ್ನೂ ಕೂಡಿಸಿದರೆ ಮೇಲೆ ಕೆಳಗಿನ ಕಂಪನದ ಗದ್ದಲ ಕಳೆದುಹೋಗುತ್ತದೆ. ಒಂದು ಗೋಡೆ ತೀರಾ ಕೆಟ್ಟಿದ್ದರೆ ಇನ್ನೊಂದನ್ನೇ ಇಟ್ಟುಕೊಳ್ಳುವುದು ಮೇಲು.

ಅತಿ ಹೆಚ್ಚು ಹಾಳಾಗುವುದು ಮುಂದಿನ ಹಂತದಲ್ಲಿ, ಚಟಪಟ ಸದ್ದು ತೆಗೆಯುವಾಗ. ಈ ಹಾಡುಗಳ ಜೀವವೇ ಟಾಂಬೊರಿನ್, ಚಪ್ಪಾಳೆ, ಸ್ನೇರ್ ಡ್ರಮ್ಮಿನ ಪೆಟ್ಟು. ಸ್ವಯಂಚಾಲಿತ ಫಿಲ್ಟರ್‌ಗೆ ಟಾಂಬೊರಿನ್ನಿನ ಮೊದಲ ಪೆಟ್ಟೂ ಗೀರೂ ಒಂದೇ ಥರ ಕಾಣುತ್ತವೆ. ಅದು ಪೆಟ್ಟಿನ ಮೊನೆ ಮುರಿದರೆ ಹಾಡು ನಯವಾಗಿ ಕೇಳೀತು, ಆದರೆ ಯಾರೂ ಎದ್ದು ಕುಣಿಯಲಾರರು. ಕೈಯಲ್ಲೇ ಒಂದೊಂದಾಗಿ ತೆಗೆಯಿರಿ, ತೆಗೆದದ್ದನ್ನು ಮಾತ್ರ ಬೇರೆಯಾಗಿ ನುಡಿಸಿ ಕೇಳಿ. ಅದರಲ್ಲಿ ತಾಳ ಕೇಳಿಸಿತೆಂದರೆ ಸಂಗೀತವನ್ನೇ ತೆಗೆದಿದ್ದೀರಿ. ಒಂದಿಷ್ಟು ಸುಯ್ ಉಳಿಯಲಿ, ನೂರಾರು ಜನರ ಹಾಲ್‌ನಲ್ಲಿ ಅದು ಯಾರಿಗೂ ಕೇಳಿಸದು.

ಲ್ಯಾಕರ್ (ಹಾಡಿನ ಗ್ರೂವ್ ಮೊದಲು ಕೊರೆಯುವ ಮೂಲ ಡಿಸ್ಕ್) ಕತ್ತರಿಸುವಾಗ ಎಂಜಿನಿಯರ್‌ಗೆ "ಮೋನೊ, ಜೋರಾಗಿ" ಎಂದು ಬರೆದುಕೊಡಿ. ಎರಡೂವರೆ ನಿಮಿಷದ ಹಾಡಿಗೆ 7 ಇಂಚಿನಲ್ಲಿ ಬೇಕಾದಷ್ಟು ಜಾಗವಿದೆ. ಹಾಗಂತ ಲೇಬಲ್‌ವರೆಗೂ ಹೋಗುವುದು ಬೇಡ, ಒಳಸುತ್ತುಗಳಲ್ಲಿ 'ಸ' 'ಶ' ಧ್ವನಿಗಳು ಒಡೆಯುತ್ತವೆ. ಲ್ಯಾಕರ್ ಮೆತ್ತನೆಯದು, ತಡಮಾಡದೆ ಲೋಹಲೇಪನಕ್ಕೆ ಕಳಿಸಬೇಕು.

ಟೆಸ್ಟ್ ಪ್ರೆಸಿಂಗ್ (ಪರೀಕ್ಷೆಗೆಂದು ಮೊದಲು ಒತ್ತಿದ ಪ್ರತಿಗಳು) ಬಂದಾಗ ಪಿಯಾನೊ ಅಥವಾ ಹಿತ್ತಾಳೆ ವಾದ್ಯ ಎಳೆದ ಸ್ವರವನ್ನು ಕೇಳಿ. ಶ್ರುತಿ ಸುತ್ತಿಗೊಮ್ಮೆ ಅಲುಗಿದರೆ ರಂಧ್ರ ನಡುವಿನಲ್ಲಿಲ್ಲ; ವಾಪಸ್ ಕಳಿಸಿ. ಒಂದೇ ಪ್ರತಿಯಲ್ಲಿ ಟಪ್ ಎಂದರೆ ಅದು ಆ ಪ್ರತಿಯ ದೋಷ, ಎಲ್ಲದರಲ್ಲೂ ಅದೇ ಜಾಗದಲ್ಲಿ ಬಂದರೆ ಸ್ಟ್ಯಾಂಪರ್ (ಪ್ರತಿಗಳನ್ನು ಒತ್ತುವ ಲೋಹದ ಅಚ್ಚು) ಕೆಟ್ಟಿದೆ.

ಅಮೆರಿಕದ ಗಾಯಕ ಫ್ರಾಂಕ್ ವಿಲ್ಸನ್‌ರ 1965ರ 45ರ ಒಂದು ಪ್ರತಿ 2009ರಲ್ಲಿ 25,000 ಪೌಂಡಿಗೂ ಮಿಕ್ಕ ಬೆಲೆಗೆ ಹೋಯಿತು. ಅಷ್ಟು ಹಣ ಓಡಾಡುವ ಕಡೆ ನಕಲಿಗೂ ಜಾಗವಿರುತ್ತದೆ. ಹಾಗಾಗಿ ಹೊಸ ಬಿಡುಗಡೆಯ ವರ್ಷ ಲೇಬಲ್ ಮೇಲೆ ಅಚ್ಚಾಗಲಿ, ಖಾಲಿ ಜಾಗದಲ್ಲಿ ನಿಮ್ಮದೇ ಸಂಖ್ಯೆ ಕೆತ್ತಿಸಿ. ಮೂಲ ಪ್ರತಿಯ ಅದೇ ಜಾಗದಲ್ಲಿರುವ ಹಳೆಯ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಎಂದೂ ನಕಲು ಮಾಡಬೇಡಿ.