ಸುಂಕದವನ ಮುಂದೆ ಸುಖದುಃಖ: ನನ್ನ ಆಟದ ವಿಲನ್ ಕಥೆ

ನನ್ನ ಮೊದಲ ಆರ್‌ಪಿಜಿಯ (ಪಾತ್ರವನ್ನು ಬೆಳೆಸುತ್ತಾ ಕಥೆಯೊಳಗೆ ಸಾಗುವ ವಿಡಿಯೋ ಗೇಮ್) ವಿಲನ್‌ಗಾಗಿ ನಾನು 14 ಪುಟ ಬರೆದಿದ್ದೆ. ಅವನ ಬಾಲ್ಯ, ತಾಯಿ ಸತ್ತ ರಾತ್ರಿ, ಗುರು ಮಾಡಿದ ದ್ರೋಹ, ಸಿಂಹಾಸನ ಏರಿದ ದಾರಿ, ಎಲ್ಲಾ ಅದರಲ್ಲಿತ್ತು. ಆರ್‌ಪಿಜಿ ಮೇಕರ್‌ ಅನ್ನೋ ಆಟ ಕಟ್ಟುವ ಸಾಫ್ಟ್‌ವೇರ್ ಇಟ್ಟುಕೊಂಡು ಸಂಜೆ ಹೊತ್ತು ಕೂತು ಕೂತು ಎರಡು ವರ್ಷಕ್ಕೆ ಆಟ ಮುಗಿಸಿದೆ. ಸುಮಾರು ಆರು ಗಂಟೆಯ ಆಟ. ಐದು ಜನ ಗೆಳೆಯರಿಗೆ ಆಡಲು ಕೊಟ್ಟೆ. ಆಮೇಲೆ ಒಂದೇ ಪ್ರಶ್ನೆ ಕೇಳಿದೆ: ವಿಲನ್ ಹೇಗಿದ್ದ?

"ಯಾರು, ಆ ಸೇತುವೆ ಹತ್ರ ದುಡ್ಡು ಕೇಳ್ತಾನಲ್ಲ, ಅವನಾ?" ಅಂದ ಒಬ್ಬ.

ಅವನು ವಿಲನ್ ಅಲ್ಲವೇ ಅಲ್ಲ. ಆಟಗಾರರು ಬೇಗ ಉತ್ತರದ ಕಾಡಿಗೆ ನುಗ್ಗಿ ಸಾಯಬಾರದು ಅಂತ ಸೇತುವೆ ಮೇಲೆ ಒಬ್ಬ ಸುಂಕದವನನ್ನು ನಿಲ್ಲಿಸಿದ್ದೆ. ದಾಟಿದಾಗಲೆಲ್ಲ 200 ನಾಣ್ಯ ಕೊಡಬೇಕು. ಅವನಿಗೆ ಇದ್ದದ್ದು ಎರಡು ಸಾಲು ಮಾತು. ನಾಯಕ ಎಷ್ಟೇ ಗೋಳು ಹೇಳಿಕೊಂಡರೂ "ಸುಂಕ ಇಟ್ಟು ಮುಂದೆ ಹೋಗಪ್ಪ" ಅನ್ನುತ್ತಿದ್ದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತಾರಲ್ಲ, ಆ ಗಾದೆಯನ್ನೇ ತಮಾಷೆಗೆ ಆಟದೊಳಗೆ ತಂದಿದ್ದೆ ಅಷ್ಟೆ. ಐವರಲ್ಲಿ ನಾಲ್ವರಿಗೆ ನೆನಪಿದ್ದದ್ದು ಅವನೇ. ಇಬ್ಬರು ಬಲ ಬೆಳೆಸಿಕೊಂಡು ಲೆವೆಲ್ 20 ಆದ ಮೇಲೆ ಅವನನ್ನು ಹೊಡೆಯೋಕೆ ಅಂತಲೇ ವಾಪಸ್ ಹೋಗಿದ್ದರಂತೆ. ಹೊಡೆಯಲು ಆಗುತ್ತಿರಲಿಲ್ಲ. ಅದಕ್ಕೆ ಸಿಟ್ಟು ಇನ್ನೂ ಜಾಸ್ತಿ.

14 ಪುಟದ ರಾಜನ ಹೆಸರು ಮಾತ್ರ ಒಬ್ಬರಿಗೂ ನೆನಪಿರಲಿಲ್ಲ. ಅವನು ಮೊದಲ ಹತ್ತು ನಿಮಿಷದಲ್ಲಿ ಬಂದು ಊರು ಸುಡುತ್ತಿದ್ದ. ಆಮೇಲೆ ಸಿಗುತ್ತಿದ್ದದ್ದು ಕೊನೆಯ ಬಾಸ್ ಫೈಟ್‌ನಲ್ಲೇ. ನಡುವೆ ಐದು ಗಂಟೆ ಕಾಲ ಆಟಗಾರರ ಗಂಟಿಗೆ ಕೈ ಹಾಕಿದ್ದು ಸುಂಕದವನೊಬ್ಬನೇ. ಊರು ಸುಟ್ಟದ್ದು ಕಥೆಯಲ್ಲಿ, 200 ನಾಣ್ಯ ಹೋದದ್ದು ಅವರ ಜೇಬಿನಿಂದ.

ಎರಡನೇ ಸಲ ಆಟ ಕಟ್ಟುವಾಗ ರಾಜನನ್ನು ಸ್ವಲ್ಪ ಪಕ್ಕಕ್ಕಿಟ್ಟು ಒಬ್ಬ ಎದುರಾಳಿಯನ್ನು ತಂದೆ. ಕೆಂಪು ಶಾಲಿನ ಹುಡುಗಿ. ನಾಯಕನ ಜೊತೆಗೇ ಕಲಿತವಳು, ಅದೇ ನಿಧಿ ಹುಡುಕಿಕೊಂಡು ಹೊರಟವಳು. ಇದಕ್ಕೆ ಮಾದರಿ 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಪೋಕೆಮಾನ್ ಆಟಗಳು. ಅಲ್ಲಿ ನೀವು ಕಾದಾಡಿಸಲು ಒಂದು ಪೋಕೆಮಾನ್ ಪ್ರಾಣಿ ಆರಿಸಿಕೊಂಡ ಮೇಲೆ, ಅದನ್ನು ಸೋಲಿಸುವ ಜಾತಿಯದನ್ನೇ ನೋಡಿ ಎತ್ತಿಕೊಳ್ಳುತ್ತಾನೆ ನಿಮ್ಮ ಎದುರಾಳಿ ಹುಡುಗ. ದಾರಿಯುದ್ದಕ್ಕೂ ನಿಮಗಿಂತ ಒಂದು ಹೆಜ್ಜೆ ಮುಂದೆ. ಕೊನೆಗೆ ನೀವು ಚಾಂಪಿಯನ್ ಎದುರು ನಿಂತರೆ, ಅಲ್ಲೂ ಅವನೇ! ಅವನಿಗೆ ದೊಡ್ಡ ಚರಿತ್ರೆ ಏನೂ ಇಲ್ಲ. ನೀವು ಮಾಡಬೇಕಾದ್ದನ್ನು ಮೊದಲು ಮಾಡಿಬಿಡುತ್ತಾನೆ, ಅಷ್ಟಕ್ಕೇ ಹೊಟ್ಟೆ ಉರಿಯುತ್ತದೆ.

ನಾನು ಮಾಡಿದ ತಪ್ಪುಗಳಲ್ಲಿ ಮೊದಲನೆಯದು ಶಾಲಿನ ಹುಡುಗಿಯ ಜೊತೆಗಿನ ಮೊದಲ ಹೋರಾಟ. ಕಥೆಗೆ ನಾಯಕ ಸೋಲಬೇಕಿತ್ತು. ಆದರೆ ಆಟಗಾರರು ಹೇಗೋ ಕಷ್ಟಪಟ್ಟು ಗೆದ್ದುಬಿಡುತ್ತಿದ್ದರು. ಗೆದ್ದ ಮರುಕ್ಷಣ ಕಟ್‌ಸೀನ್‌ನಲ್ಲಿ (ಆಡದೆ ಬರೀ ನೋಡುವ ದೃಶ್ಯ) ನಾಯಕ ಮಂಡಿಯೂರಿ ಏದುಸಿರು ಬಿಡುತ್ತಿದ್ದ. "ನಾನು ಗೆದ್ದೆ ಅಲ್ವಾ?" ಅಂತ ಒಬ್ಬಳು ಕಂಟ್ರೋಲರ್ ಕೆಳಗಿಟ್ಟಳು. ಪೋಕೆಮಾನ್‌ನ ಮೊದಲ ಹೋರಾಟದಲ್ಲಿ ಸೋತರೂ ಕಥೆ ಮುಂದೆ ಹೋಗುತ್ತದೆ, ಗೆದ್ದರೂ ಹೋಗುತ್ತದೆ. ನಾನೂ ಹಾಗೇ ಮಾಡಿದೆ. ಫಲಿತಾಂಶವನ್ನು ಹೌದು-ಇಲ್ಲ ನೆನಪಿಡುವ ಒಂದು ಸ್ವಿಚ್‌ನಲ್ಲಿ ಇಟ್ಟುಕೊಂಡೆ. ಮುಂದಿನ ಭೇಟಿಯಲ್ಲಿ ಒಂದೇ ಒಂದು ಸಾಲು ಬದಲಾಗುತ್ತದೆ: ಸೋತವರಿಗೆ "ಗಾಯ ವಾಸಿಯಾಯ್ತಾ?", ಗೆದ್ದವರಿಗೆ "ಅವತ್ತು ನನಗೆ ಜ್ವರ ಇತ್ತು." ಇಡೀ ಆಟದಲ್ಲಿ ಜನ ಹೆಚ್ಚು ನಕ್ಕಿದ್ದು ಆ ಜ್ವರದ ಸಾಲಿಗೆ.

ಎರಡನೇ ತಪ್ಪು ದೊಡ್ಡದು. ಜೇಬಿಗೆ ಕೈ ಹಾಕಿದರೆ ಸಿಟ್ಟು ಬರುತ್ತೆ ಅಂತ ಗೊತ್ತಾಗಿತ್ತಲ್ಲ, ಅದಕ್ಕೆ ಅವಳ ಕೈಯಲ್ಲಿ ಆಟಗಾರರ ಕತ್ತಿಯನ್ನೇ ಕದಿಸಿದೆ. ಸಿಟ್ಟೇನೋ ಬಂತು. ಆದರೆ ಅವಳ ಮೇಲಲ್ಲ, ನನ್ನ ಮೇಲೆ. ಮೂರು ಗಂಟೆ ಕೂತು ಅದಿರು ಕೂಡಿಸಿ, ಸಾಣೆ ಹಿಡಿಸಿ ಬೆಳೆಸಿದ ಕತ್ತಿ ಅದು. "ಇದು ಮೋಸ ಕಣೋ" ಅಂದರು. ಪಾತ್ರದ ಮೇಲೆ ಬರುವ ಸಿಟ್ಟು ಆಟವನ್ನು ಮುಂದಕ್ಕೆ ತಳ್ಳುತ್ತದೆ, ಮಾಡಿದವನ ಮೇಲೆ ಬರುವ ಸಿಟ್ಟು ಆಟವನ್ನು ಬಂದ್ ಮಾಡಿಸುತ್ತದೆ. ಎರಡೂ ನೋಡೋಕೆ ಒಂದೇ ಥರ ಇರೋದರಿಂದ ನನಗೆ ತಿಳಿಯಲು ತಡವಾಯಿತು.

ಕೊನೆಗೆ ಹೀಗೆ ಮಾಡಿದೆ: ಅವರ ಬಳಿ ಇರುವುದನ್ನು ಮುಟ್ಟುವುದು ಬೇಡ, ಇನ್ನೇನು ಸಿಗಬೇಕಾದ್ದನ್ನು ತೆಗೆದುಕೊಳ್ಳೋಣ. ಗುಹೆಯ ತುದಿಯಲ್ಲಿ ದೊಡ್ಡ ಪೆಟ್ಟಿಗೆ. ತೆರೆದರೆ ಖಾಲಿ, ಒಳಗೊಂದು ಕೆಂಪು ನೂಲು. ಡೈಲಾಗ್ ಇಲ್ಲ, ಕಟ್‌ಸೀನ್ ಇಲ್ಲ. ಮುಂದಿನ ಹೋರಾಟಕ್ಕೆ ಅವಳು ಬರುವುದು ಆ ಪೆಟ್ಟಿಗೆಯಲ್ಲಿದ್ದ ಈಟಿ ಹಿಡಿದುಕೊಂಡೇ. ಗೆದ್ದರೆ ಅದು ನಿಮ್ಮದು. ಆಡುವವರ ಪಕ್ಕ ಕೂತು ನೋಡುತ್ತಿದ್ದೆ. ನೂಲು ಕಂಡ ತಕ್ಷಣ ಒಬ್ಬ "ಏಯ್!" ಅಂತ ಪರದೆಗೇ ಬೈದ. ನನಗೆ ಅಷ್ಟು ಸಾಕಿತ್ತು.

ಅವಳ ಲೆವೆಲ್ ವಿಷಯದಲ್ಲೂ ಸ್ವಲ್ಪ ಒದ್ದಾಡಿದೆ. ಮೊದಲು ಪಾರ್ಟಿಯ (ನಾಯಕ ಮತ್ತು ಸಂಗಡಿಗರ ತಂಡ) ಸರಾಸರಿಗಿಂತ ಒಂದು ಲೆವೆಲ್ ಮೇಲೆ ಇಟ್ಟಿದ್ದೆ, ಯಾವಾಗಲೂ ಸರಿಸಮ ಇರಲಿ ಅಂತ. ಹಾಗೆ ಮಾಡಿದರೆ ಬೆವರು ಸುರಿಸಿ ಲೆವೆಲ್ ಏರಿಸಿದವನಿಗೆ ಏನೂ ಸಿಗುವುದಿಲ್ಲ. ಈಗ ಪ್ರತಿ ಭೇಟಿಗೂ ಅವಳ ಲೆವೆಲ್ ನಿಗದಿ. ದುಡಿದು ಬಂದವರು ಮೂರನೇ ಭೇಟಿಯಲ್ಲಿ ಅವಳನ್ನು ಎರಡೇ ಸುತ್ತಿಗೆ ಮಲಗಿಸುತ್ತಾರೆ. ಆಗ ಅವಳು ಏನೂ ಮಾತಾಡದೆ ಎದ್ದು ಹೋಗುತ್ತಾಳೆ.

ಇನ್ನು ರಾಜ. ಅವನನ್ನು ತೆಗೆದೇ ಹಾಕೋಣ ಅಂತಿದ್ದೆ. ಉಳಿಸಿದ್ದು 1997ರ ಫೈನಲ್ ಫ್ಯಾಂಟಸಿ 7 ಆಟದ ಒಂದು ದೃಶ್ಯ. ಅಲ್ಲಿ ಒಂದು ಜೌಗು ನೆಲ ಇದೆ, ಅದರಲ್ಲೊಂದು ಭಾರಿ ಹಾವು. ಆ ಹೊತ್ತಿಗೆ ಅದರ ಜೊತೆ ಕಾದಾಡಿದರೆ ಬದುಕುವುದು ಕಷ್ಟ, ಹಾಗಾಗಿ ಎಲ್ಲರೂ ಸವಾರಿ ಹಕ್ಕಿ ಏರಿ ತಪ್ಪಿಸಿಕೊಂಡು ಓಡುತ್ತಾರೆ. ದಾಟಿ ಆಚೆ ಹೋದರೆ ಅಂಥದ್ದೇ ಹಾವು ಮರಕ್ಕೆ ಚುಚ್ಚಿ ನೇತಾಡುತ್ತಿರುತ್ತದೆ. ಆ ಆಟದ ಖಳ ಸೆಫಿರಾತ್ ಆಗಲೇ ಆ ದಾರಿಯಲ್ಲಿ ಹೋಗಿದ್ದಾನೆ. ಅವನು ಎಷ್ಟು ಬಲಶಾಲಿ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಒಂದು ನಿಮಿಷದ ಹಿಂದೆ ನೀವು ಎಷ್ಟು ಹೆದರಿದ್ದಿರಿ ಅನ್ನೋದೇ ಅಳತೆಗೋಲು.

ನಾಚಿಕೆಯಿಲ್ಲದೆ ಕದ್ದೆ. ಉತ್ತರದ ಕಾಡಿನಲ್ಲಿ ಅಟ್ಟಿಸಿಕೊಂಡು ಬರುವ ಒಂದು ಕರಡಿ ಇತ್ತು. ಕಾಡಿನ ಆಚೆ ಅಂಥದ್ದೇ ಮೂರು ಕರಡಿ ಸತ್ತು ಬಿದ್ದಿವೆ, ಪಕ್ಕದಲ್ಲಿ ರಾಜನ ಬಾವುಟ. ಹೀಗೆ ಗಂಟೆಗೊಮ್ಮೆಯಾದರೂ ರಾಜನ ಗುರುತು ಕಣ್ಣಿಗೆ ಬೀಳುವ ಹಾಗೆ ಮಾಡಿದೆ.

14 ಪುಟ ಮೂರು ಸಾಲಾಯಿತು. ಬೇಜಾರಾಯ್ತಾ ಅಂದರೆ ಹೌದು, ಆಯಿತು. ಆದರೆ ಕೊನೆಯ ಐದು ನಿಮಿಷದಲ್ಲಿ ವಿಲನ್ ತನ್ನ ಬಾಲ್ಯದ ಗೋಳು ಬಿಚ್ಚಿ, ನಾವು ಅಯ್ಯೋ ಪಾಪ ಅನ್ನಬೇಕು ಅನ್ನೋ ರೂಢಿ ನನಗೆ ಸೇರುವುದಿಲ್ಲ. 1994ರ ಫೈನಲ್ ಫ್ಯಾಂಟಸಿ 6ರಲ್ಲಿ ಖಳ ಕೆಫ್ಕಾ ಯಾಕೆ ಹಾಗಾದ ಅಂತ ಹೇಳುವುದು ತೀರಾ ಕಡಿಮೆ. ಆದರೆ ಅವನು ಕಥೆಯ ನಡುವೆಯೇ ಗೆಲ್ಲುತ್ತಾನೆ. ಜಗತ್ತು ಹಾಳಾಗುತ್ತದೆ, ನೀವು ಬೆಳೆಸಿದ ಪಾರ್ಟಿ ಚೆಲ್ಲಾಪಿಲ್ಲಿಯಾಗುತ್ತದೆ, ಒಬ್ಬೊಬ್ಬರನ್ನೇ ಮತ್ತೆ ಹುಡುಕಬೇಕು. ಅದು ನನ್ನ ಕತ್ತಿ ಕಳ್ಳತನಕ್ಕಿಂತ ದೊಡ್ಡ ನಷ್ಟ. ಆದರೂ ಮೋಸ ಅನ್ನಿಸುವುದಿಲ್ಲ, ಯಾಕೆಂದರೆ ಹುಡುಕುತ್ತಾ ಹೋದರೆ ಅವರು ವಾಪಸ್ ಸಿಗುತ್ತಾರೆ. ಆ ಹುಡುಕಾಟವೇ ಆಟದ ಉಳಿದ ಭಾಗ.

ರಾಜನಿಗೆ ಕೊನೆಯಲ್ಲಿ ಒಂದು ಪ್ರಶ್ನೆ ಮಾತ್ರ ಉಳಿಸಿದೆ. 1986ರ ಮೊದಲ ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಖಳ ಅರ್ಧ ಜಗತ್ತು ಕೊಡ್ತೀನಿ ಅನ್ನುತ್ತಾನೆ, ಹೂಂ ಅಂದರೆ ಆಟ ಅಲ್ಲಿಗೇ ಮುಗಿಯುತ್ತದೆ. ನನ್ನ ರಾಜ ಕೊಡುವುದು ಕೆಂಪು ಶಾಲಿನವಳನ್ನು. ಅವಳು ಅವನ ಸೆರೆಯಲ್ಲಿರುತ್ತಾಳೆ, ಕರೆದುಕೊಂಡು ಹೊರಟುಹೋಗು ಅನ್ನುತ್ತಾನೆ. ಇಬ್ಬರು ಹೂಂ ಅಂದರು. ಅವರಲ್ಲಿ ಒಬ್ಬ ಆಟವಿಡೀ ಅವಳಿಗೆ ಬೈದುಕೊಂಡೇ ಆಡಿದವನು.

ಸುಂಕದವನ ಬಾಕಿ ಇತ್ತು. ಈಗ ಅವನನ್ನು ಹೊಡೆಯಬಹುದು. ಒಂದೇ ಏಟಿಗೆ ಬೀಳುತ್ತಾನೆ. ನೀವು ಶುರುವಿನಿಂದ ಕೊಟ್ಟ ಸುಂಕವನ್ನೆಲ್ಲ ಒಂದು ವೇರಿಯಬಲ್ ಲೆಕ್ಕ ಇಟ್ಟಿರುತ್ತದೆ, ಅಷ್ಟೂ ಅವನ ಚೀಲದಿಂದ ಸಿಗುತ್ತದೆ. ಮೊನ್ನೆ ಒಬ್ಬಳು 1,400 ನಾಣ್ಯ ಎಣಿಸಿಕೊಂಡು, "ಏಳು ಸಲ ದಾಟಿದ್ದೆ, ಸರಿಯಾಗಿದೆ" ಅಂದಳು.