ಕೊನೆಯ ಬಸ್ಸಿಗೆ ಮುಂಚೆ

ನಮ್ಮೂರು ಜಗಳೂರು ತಾಲೂಕಿನಲ್ಲಿ, ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ. ಕೊನೆಯ ಬಸ್ಸು ಸಂಜೆ ಏಳಕ್ಕೆ. ಅದು ಹೋದ ಮೇಲೆ ಯಾರಾದರೂ ಗಾಡಿಯವರನ್ನು ಎಬ್ಬಿಸಬೇಕು, ಇಲ್ಲಾಂದ್ರೆ 108ಕ್ಕೆ ಫೋನ್ ಮಾಡಿ ಕಾಯಬೇಕು. ನಾನು 2009ರಿಂದ ಇಲ್ಲಿ ಆಶಾ ಕಾರ್ಯಕರ್ತೆ. ಮಗುವಿಗೆ ಹುಷಾರಿಲ್ಲ ಅಂತ ಗೊತ್ತಾದರೆ, ಎಷ್ಟೇ ಕೆಲಸ ಇರಲಿ, ಐದೂವರೆಗೆಲ್ಲಾ ಆ ಮನೆಯಲ್ಲಿರುತ್ತೇನೆ. ಹೊಲಕ್ಕೆ ಹೋದ ತಾಯಿ ಅಷ್ಟೊತ್ತಿಗೆ ಬಂದಿರುತ್ತಾಳೆ. ಬಸ್ಸು ಇನ್ನೂ ಇರುತ್ತದೆ. ಆಸ್ಪತ್ರೆಗೆ ಹೋಗಬೇಕಾ ಬೇಡವಾ ಅನ್ನುವುದನ್ನು ಬೆಳಕಿರುವಾಗಲೇ ತೀರ್ಮಾನ ಮಾಡಬೇಕು. ಈ ಬುದ್ಧಿ ನನಗೆ ಒಂದು ತಪ್ಪಿನಿಂದ ಬಂತು.

ಕೆಲಸಕ್ಕೆ ಸೇರಿದ ಎರಡನೇ ಮಳೆಗಾಲ. ಏಳು ತಿಂಗಳ ಹೆಣ್ಣುಮಗು, ಎರಡು ದಿನದಿಂದ ಕೆಮ್ಮು. ಹಣೆ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಅಷ್ಟೇ. "ಜ್ವರ ಜಾಸ್ತಿ ಇಲ್ಲ, ಬೆಳಿಗ್ಗೆ ನೋಡೋಣ" ಅಂದೆ. ಅಂಗಿ ಎತ್ತಿ ನೋಡಲಿಲ್ಲ. ಹಾಲು ಕುಡಿಯಿತಾ ಅಂತಲೂ ಕೇಳಲಿಲ್ಲ. ರಾತ್ರಿ ಎರಡು ಗಂಟೆಗೆ ಅವರಪ್ಪ ಬಂದು ಬಾಗಿಲು ಬಡಿದ. ಹೋಗಿ ನೋಡಿದರೆ ಉಸಿರು ಎಳೆದಾಗಲೆಲ್ಲ ಮಗುವಿನ ಪಕ್ಕೆ ಒಳಗೆ ಗುಳಿ ಬೀಳುತ್ತಿತ್ತು. ಅಳುವುದಕ್ಕೂ ಶಕ್ತಿ ಇಲ್ಲ, ಸುಮ್ನೆ ನರಳುತ್ತಿತ್ತು. ಈರುಳ್ಳಿ ಸಾಗಿಸುವ ಗಾಡಿಯಲ್ಲಿ ದಾವಣಗೆರೆಗೆ ಹೋದೆವು. ನ್ಯುಮೋನಿಯಾ. ಎಂಟು ದಿನ ಆಸ್ಪತ್ರೆಯಲ್ಲಿ, ಅದರಲ್ಲಿ ಮೂರು ದಿನ ಆಕ್ಸಿಜನ್ ಮೇಲೆ. ಮಗು ಉಳಿಯಿತು, ಈಗ ಹೈಸ್ಕೂಲಿಗೆ ಹೋಗುತ್ತಾಳೆ. ಆದರೆ ಗಾಡಿಯಲ್ಲಿ ಆ ಉಸಿರು ಕೇಳುತ್ತಾ ಕೂತಿದ್ದ ಹೊತ್ತನ್ನು ನಾನು ಮರೆತಿಲ್ಲ.

ಆಮೇಲೆ ನಾನು ಹಣೆ ಮುಟ್ಟುವ ಮೊದಲು ಅಂಗಿ ಎತ್ತುತ್ತೇನೆ. ಮಗು ಅಳುತ್ತಿದ್ದರೆ ಕಾಯುತ್ತೇನೆ. ತಾಯಿಯ ಮಡಿಲಲ್ಲಿ ಸಮಾಧಾನವಾಗಿ ಇರುವಾಗ, ಮೊಬೈಲ್‌ನಲ್ಲಿ ಸಮಯ ಇಟ್ಟುಕೊಂಡು, ಹೊಟ್ಟೆ ಎಷ್ಟು ಸಲ ಏರಿತು ಅಂತ ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಬೇಡ, ಚಿಕ್ಕ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು ಬಂದರೆ ಜೋರು ಉಸಿರು, ಅಂಥ ಕೂಸಿಗೆ ಇನ್ನೊಂದು ಸಲ ಎಣಿಸಿ ಖಾತ್ರಿ ಮಾಡಿಕೊಳ್ಳುತ್ತೇನೆ. ಎರಡು ತಿಂಗಳಿಂದ ಒಂದು ವರ್ಷದೊಳಗೆ 50. ಒಂದರಿಂದ ಐದು ವರ್ಷದೊಳಗೆ 40. ಕೆಮ್ಮಿನ ಜೊತೆ ಜೋರು ಉಸಿರು ಮಾತ್ರ ಇದ್ದು, ಎರಡು ತಿಂಗಳು ದಾಟಿದ ಮಗು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಏಳರ ಬಸ್ಸಿಗೆ ಜಗಳೂರು ಆಸ್ಪತ್ರೆಗೆ ಕಳಿಸುತ್ತೇನೆ. ಪಕ್ಕೆ ಒಳಗೆ ಹೋಗುತ್ತಿದ್ದರೆ, ನರಳುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ಬಸ್ಸಿನ ಮಾತೇ ಇಲ್ಲ, 108.

ಎಣಿಸಿ ಮುಗಿಸಿದ ಕೂಡಲೇ ಮನೆಯವರನ್ನು ನಾಲ್ಕು ಮಾತು ಕೇಳುತ್ತೇನೆ. ಕುಡಿಯುತ್ತಾ? ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲುತ್ತಾ, ಅಥವಾ ಎಲ್ಲಾ ವಾಂತಿಯಾ? ಎಬ್ಬಿಸಿದರೆ ಕಣ್ಣು ಬಿಟ್ಟು ನೋಡುತ್ತಾ? ಫಿಟ್ಸ್ ಬಂದಿತ್ತಾ? ಇದರಲ್ಲಿ ಒಂದಕ್ಕೆ ಕೆಟ್ಟ ಉತ್ತರ ಬಂದರೂ ನಾನು ಥರ್ಮಾಮೀಟರ್ ಹುಡುಕುತ್ತಾ ಕೂರುವುದಿಲ್ಲ. ಇನ್ನೊಂದು ವಿಷಯ ನನ್ನ ಪುಸ್ತಕದಲ್ಲಿ ಇಲ್ಲ, ಆದರೆ ನಾನು ನಂಬುತ್ತೇನೆ. ತಾಯಿಯೋ ಅಜ್ಜಿಯೋ "ಯಾಕೋ ಕೂಸು ಯಾವತ್ತಿನ ತರ ಇಲ್ಲ ಕಣಕ್ಕ" ಅಂದರೆ ನನಗೆ ಅಷ್ಟು ಸಾಕು. ಅವರು ಇಪ್ಪತ್ನಾಲ್ಕು ಗಂಟೆ ನೋಡುವವರು, ನಾನು ಹತ್ತು ನಿಮಿಷ ನೋಡುವವಳು.

ಜ್ವರದ ಅಂಕಿ ನೋಡಿ ಹೆದರುವವರು ಜಾಸ್ತಿ. 103 ಡಿಗ್ರಿ ಇದ್ದರೂ, ಪ್ಯಾರಾಸಿಟಮಾಲ್ ಕೊಟ್ಟು ಸ್ವಲ್ಪ ಇಳಿದ ಮೇಲೆ ಮಗು ಎದ್ದು ಬೆಕ್ಕಿನ ಹಿಂದೆ ಓಡಿದರೆ ನನಗೆ ಅಷ್ಟು ಗಾಬರಿಯಿಲ್ಲ, ಮಾರನೇ ದಿನ ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ. ಜ್ವರ ಇಳಿದ ಮೇಲೂ ಮಂಕಾಗಿ ಬಿದ್ದಿದ್ದರೆ ಅದು ಬೇರೆ. ಹಾಂ, ಆ ಔಷಧಿ ಬಾಟಲಿಯನ್ನೂ ಇಸ್ಕೊಂಡು ನೋಡಿ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ, ಸಿರಪ್‌ನಲ್ಲಿ 5 ಎಂಎಲ್‌ಗೆ 120 ಅಥವಾ 250. ಅಣ್ಣನ ಸಿರಪ್ಪಿನ ಲೆಕ್ಕದಲ್ಲಿ ತಮ್ಮನಿಗೆ ಡ್ರಾಪ್ಸ್ ಹಾಕಿದರೆ ಎಷ್ಟು ಹೆಚ್ಚಾಯಿತು, ನೀವೇ ಲೆಕ್ಕ ಹಾಕಿ.

ಡೆಂಗಿ ಬಂದಾಗ ಜ್ವರದ ಲೆಕ್ಕ ಉಲ್ಟಾ. ಮೂರು ನಾಲ್ಕು ದಿನಕ್ಕೆ ಜ್ವರ ಇಳಿಯುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅಪಾಯ ಶುರುವಾಗುವುದು ಆಗಲೇ. ಜ್ವರ ಬಿಟ್ಟ ಮೇಲಿನ ಎರಡು ದಿನ ನಾನು ದಿನಕ್ಕೆ ಎರಡು ಸಲ ಹೋಗುತ್ತೇನೆ. ಹೊಟ್ಟೆ ನೋವು ಅಂತ ಅಳುತ್ತಿದ್ದರೆ, ಬಿಡದೆ ವಾಂತಿ ಆದರೆ, ಮೂಗು ಅಥವಾ ಒಸಡಲ್ಲಿ ರಕ್ತ ಕಂಡರೆ, ಕೈಕಾಲು ತಣ್ಣಗಿದ್ದರೆ ಕೂಡಲೇ ಹೊರಡಿಸುತ್ತೇನೆ.

ಫಿಟ್ಸ್ ಅಂದರೆ ನಮ್ಮ ಕಡೆ ಇನ್ನೂ ಕೈಗೆ ಕಬ್ಬಿಣದ ಕೀಲಿಕೈ, ಮೂಗಿಗೆ ಈರುಳ್ಳಿ. ಒಂದು ಮನೆಯಲ್ಲಿ ಅಜ್ಜಿ ಬರೆ ಹಾಕಲು ಒಲೆಯಲ್ಲಿ ಬಳೆಚೂರು ಕಾಯಿಸಲು ಇಟ್ಟಿದ್ದರು. "ಅಜ್ಜಿ, ನಿಮ್ಮ ಮೊಮ್ಮಗ, ನನಗೂ ಮಗನೇ. ಎರಡು ನಿಮಿಷ ನನ್ನ ಕೈಗೆ ಕೊಡಿ" ಅಂದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿದೆ, ಕತ್ತಿನ ಬಳಿ ಗುಂಡಿ ಬಿಚ್ಚಿದೆ, ಬಾಯಿಗೆ ಏನೂ ಹಾಕಲು ಬಿಡಲಿಲ್ಲ. ಗಡಿಯಾರ ನೋಡಿದೆ. ಎರಡು ನಿಮಿಷಕ್ಕೆ ನಿಂತಿತು. ನಿಂತಿತಲ್ಲಾ, ಇನ್ಯಾಕೆ ಆಸ್ಪತ್ರೆ ಅಂದರು. ಮೊದಲ ಸಲ ಬಂದದ್ದು, ಕಾರಣ ಗೊತ್ತಾಗಬೇಕು ಅಂತ ಹೇಳಿ ಹೊರಡಿಸಿದೆ. ಅಜ್ಜಿಯೂ ಜೊತೆಗೆ ಬಂದರು. ಐದು ನಿಮಿಷಕ್ಕೂ ನಿಲ್ಲದಿದ್ದರೆ, ಅಥವಾ ನಿಂತು ಮತ್ತೆ ಬಂದರೆ, ಅಲ್ಲಿ ಮಾತಾಡುತ್ತಾ ನಿಲ್ಲುವ ಹಾಗೇ ಇಲ್ಲ.

ಭೇದಿಯಲ್ಲಿ ನಾನು ನೋಡುವುದು ಕಣ್ಣು ಗುಳಿ ಬಿದ್ದಿದೆಯಾ, ಯಾವಾಗ ಉಚ್ಚೆ ಹೊಯ್ದದ್ದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಎಷ್ಟು ಹೊತ್ತಿಗೆ ಹಿಂದೆ ಹೋಗುತ್ತದೆ. ಎರಡು ಸೆಕೆಂಡಿಗಿಂತ ಹೆಚ್ಚಾದರೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಓಆರ್‌ಎಸ್ ಪಾಕೀಟನ್ನು ಲೋಟದಲ್ಲಿ ಅರ್ಧರ್ಧ ಕಲಸಬೇಡಿ, ಇಡೀ ದೊಡ್ಡ ಪಾಕೀಟು ಒಂದು ಲೀಟರ್ ನೀರಿಗೆ. ಸತುವಿನ (ಜಿಂಕ್) ಮಾತ್ರೆ ಭೇದಿ ನಿಂತರೂ 14 ದಿನ.

ಎಳೆಗೂಸಿನ ವಿಷಯಕ್ಕೆ ಬಂದರೆ ನಾನು ಯಾರ ಮಾತೂ ಕೇಳುವುದಿಲ್ಲ. ಹೆರಿಗೆಯಾಗಿ 3, 7, 14, 21, 28, 42ನೇ ದಿನ ನಾವು ಮನೆಗೆ ಹೋಗಬೇಕು. ಆ ಕೂಸುಗಳಲ್ಲಿ ಜೋರು ಕಾಯಿಲೆಗೂ ಜೋರು ಲಕ್ಷಣ ಇರುವುದಿಲ್ಲ. ನಿನ್ನೆ ಚೆನ್ನಾಗಿ ಚೀಪುತ್ತಿದ್ದದ್ದು ಇವತ್ತು ಮೊಲೆ ಬಿಟ್ಟು ನಿದ್ದೆ ಮಾಡುತ್ತದೆ. "ಪಾಪ, ಒಳ್ಳೆ ಕೂಸು, ಅಳೋದೇ ಇಲ್ಲ" ಅಂತಾರೆ. ಆ ಮಾತು ಕೇಳಿದರೆ ನನ್ನ ಎದೆ ಧಸಕ್ ಅನ್ನುತ್ತದೆ. ಎರಡು ತಿಂಗಳೊಳಗೆ ಜ್ವರ ಬಂದರೂ ಸರಿ, ಮೈ ತಣ್ಣಗಾದರೂ ಸರಿ, ಅದೇ ಹೊತ್ತಿಗೆ ಹೊರಡಬೇಕು. ದಾರಿಯಲ್ಲಿ ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇಟ್ಟು, ಮೇಲೆ ಸೆರಗು ಹೊದಿಸಿ, ತಲೆಗೆ ಕುಲಾವಿ ಹಾಕಿ, ಮುಖ ಕಾಣುವಂತೆ ಬಿಡಿ.

ಎಲ್ಲಿಗೆ ಅನ್ನುವ ಜಗಳ ಬೇರೆ ಇರುತ್ತದೆ. 1997ರವರೆಗೆ ನಮ್ಮದು ಚಿತ್ರದುರ್ಗ ಜಿಲ್ಲೆ, ಹಿರಿಯರು ಈಗಲೂ ದುರ್ಗಕ್ಕೆ ಹೋಗೋಣ ಅನ್ನುತ್ತಾರೆ. ಹುಡುಗರು ದಾವಣಗೆರೆ ಅನ್ನುತ್ತಾರೆ. ಈ ಮಾತನ್ನು ಕೂಸು ಚೆನ್ನಾಗಿರುವಾಗಲೇ ಮುಗಿಸಿ ಅಂತ ಹೆರಿಗೆಯ ಮನೆಯಲ್ಲೇ ಹೇಳುತ್ತೇನೆ. ಗಾಡಿ ಯಾರದ್ದು, ದುಡ್ಡು ಎಲ್ಲಿದೆ, ತಾಯಿ ಕಾರ್ಡು ಎಲ್ಲಿದೆ, ದೊಡ್ಡ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಎಲ್ಲಾ.

ಹೊರಡುವ ಮುಂಚೆ ಒಂದು ಚೀಟಿ ಬರೆದು ತಂದೆಯ ಜೇಬಿಗೆ ಹಾಕುತ್ತೇನೆ. ಕೊನೆಯ ಸಲ ಹಾಲು ಕುಡಿದದ್ದು ಎಷ್ಟೊತ್ತಿಗೆ, ಉಚ್ಚೆ ಯಾವಾಗ, ನಿಮಿಷಕ್ಕೆ ಉಸಿರು ಎಷ್ಟು, ಯಾವ ಔಷಧಿ ಎಷ್ಟು ಎಂಎಲ್, ಎಷ್ಟು ಗಂಟೆಗೆ. ಹೋದ ಮಳೆಗಾಲದಲ್ಲಿ ಒಬ್ಬ ತಂದೆ ರಾತ್ರಿ ಒಂಬತ್ತಕ್ಕೆ ನನಗೆ ಫೋನ್ ಮಾಡಿದ. ಐದು ತಿಂಗಳ ಕೂಸು. "ಅಕ್ಕ, ಎಣಿಸಿದೆ, 64 ಬಂತು, ಪಕ್ಕೆ ಒಳಗೆ ಹೋಗ್ತಿದೆ. 108ಕ್ಕೆ ಹೇಳಿದೀನಿ, ಚೀಟಿ ಬರೀತಿದೀನಿ, ಇನ್ನೇನು ಬರೀಲಿ?" ಅಂದ. ಹಾಲು ಕುಡಿದ ಹೊತ್ತು ಬರಿ, ನಾನು ಬಂದೆ ಅಂದೆ.